ರಕ್ತ ಇನ್ನೂ ಒಪ್ಪದ ಮೇಲ್ಮೈ

ಯಾಂತ್ರಿಕ ಹೃದಯ ಕವಾಟ ಹಾಕಿಸಿಕೊಂಡವರು ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ವೈದ್ಯರು ಎರಡು ಮಾತುಗಳನ್ನು ತಪ್ಪದೆ ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ರಕ್ತ ಪರೀಕ್ಷೆಯನ್ನು ಹೇಳಿದ ದಿನಕ್ಕೆ ಮಾಡಿಸಿ. ಎರಡೂ ಜೀವನಪರ್ಯಂತ. ಹೃದಯದೊಳಗೆ ನೆಲೆನಿಂತ ಮೊದಲ ಯಶಸ್ವಿ ಕೃತಕ ಕವಾಟಗಳು ಬಂದದ್ದು 1960ರಲ್ಲಿ. ಅಂದಿನಿಂದ ಎಂಜಿನಿಯರುಗಳು, ರಸಾಯನಶಾಸ್ತ್ರಜ್ಞರು, ಶಸ್ತ್ರವೈದ್ಯರು ಸೇರಿ ಮಾಡಿದ ಕೆಲಸ ಅಗಾಧವಾದದ್ದು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ತೆರೆದು ಮುಚ್ಚುತ್ತಾ ದಶಕಗಳ ಕಾಲ ಮುರಿಯದೆ ಉಳಿಯುವ ಯಂತ್ರವನ್ನು ಅವರು ಕಟ್ಟಿಕೊಟ್ಟಿದ್ದಾರೆ. ಆದರೂ ಆ ಎರಡು ಸೂಚನೆಗಳು ಚೀಟಿಯಿಂದ ಅಳಿದಿಲ್ಲ. ಯಂತ್ರದ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. ಅದರ ಮೇಲ್ಮೈಯನ್ನು ರಕ್ತ ಮಾತ್ರ ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ.

ಇದು ಭಾರತಕ್ಕೆ ಹೆಚ್ಚು ತಟ್ಟುವ ಸಂಗತಿ. ಯುರೋಪ್, ಅಮೆರಿಕಗಳಲ್ಲಿ ಕವಾಟ ಬದಲಿಸಿಕೊಳ್ಳುವವರಲ್ಲಿ ಬಹುಪಾಲು ಜನ ವಯಸ್ಸಾದವರು. ನಮ್ಮಲ್ಲಿ ಕವಾಟ ಕೆಡಲು ಇಂದಿಗೂ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ, ಸರಿಯಾದ ಚಿಕಿತ್ಸೆ ಸಿಗುವುದಿಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲಲು ಹೊರಟ ರೋಗನಿರೋಧಕ ವ್ಯವಸ್ಥೆ ಅದನ್ನೇ ಹೋಲುವ ಪ್ರೋಟೀನುಗಳಿರುವ ಹೃದಯದ ಅಂಗಾಂಶದ ಮೇಲೂ ಎರಗುತ್ತದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ವರ್ಷಗಳ ಕಾಲ ಉರಿದು, ದಪ್ಪಗಾಗಿ, ಅಂಟಿಕೊಂಡು, ಇಪ್ಪತ್ತು ಮೂವತ್ತರ ವಯಸ್ಸಿಗೆ ಕೈಕೊಡುತ್ತದೆ. ರೋಗಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ತನ್ನದನ್ನೇ ಪರಕೀಯವೆಂದು ತಪ್ಪು ತಿಳಿದ ದೇಹದ ಮುಂದೆ ನಿಜವಾಗಿಯೂ ಪರಕೀಯವಾದ ವಸ್ತುವನ್ನಿಟ್ಟು, ಇದನ್ನು ಇನ್ನು ನಲವತ್ತು ಐವತ್ತು ವರ್ಷ ಸಹಿಸಿಕೋ ಎಂದು ಕೇಳುವ ಪರಿಸ್ಥಿತಿ ಇದು.

ಜೀವಂತ ಅಂಗಾಂಶಕ್ಕೆ ಹೊಂದುವ ವಸ್ತುಗಳ ಬಗ್ಗೆ ಬರುವ ಸುದ್ದಿಗಳನ್ನು ಓದಿದರೆ ಹೊಂದಾಣಿಕೆ ಎಂಬುದು ವಸ್ತುವಿನ ಒಡಲಲ್ಲೇ ಇರುವ ಗುಣ ಎಂಬ ಭಾವನೆ ಬರುತ್ತದೆ. ಟೈಟಾನಿಯಂ ಒಳ್ಳೆಯದು, ಸ್ಟೀಲ್ ಅಷ್ಟಕ್ಕಷ್ಟೆ ಎಂಬಂತೆ. ಈ ಕ್ಷೇತ್ರದವರು 1980ರ ದಶಕದಲ್ಲೇ ಆ ಯೋಚನೆಯನ್ನು ಬಿಟ್ಟರು. ಬ್ರಿಟನ್ನಿನ ಡೇವಿಡ್ ವಿಲಿಯಮ್ಸ್ 1987ರಲ್ಲಿ ಪ್ರಕಟಿಸಿದ ವ್ಯಾಖ್ಯಾನದ ಪ್ರಕಾರ, ಒಂದು ನಿರ್ದಿಷ್ಟ ಕೆಲಸದಲ್ಲಿ ತಕ್ಕ ಪ್ರತಿಕ್ರಿಯೆಯನ್ನು ಮಾತ್ರ ದೇಹದಿಂದ ಹೊರಡಿಸುತ್ತಾ ತನ್ನ ಕೆಲಸ ಮಾಡಬಲ್ಲ ವಸ್ತು ಹೊಂದುವ ವಸ್ತು. ‘ನಿರ್ದಿಷ್ಟ ಕೆಲಸ’ ಎಂಬುದೇ ಇಲ್ಲಿ ಮುಖ್ಯ. ಯಾವ ಕೆಲಸ, ಯಾರ ದೇಹದಲ್ಲಿ, ಎಷ್ಟು ವರ್ಷ ಎಂಬುದು ಬದಲಾದರೆ ಉತ್ತರವೂ ಬದಲಾಗುತ್ತದೆ. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಆ ದೇಹ ಬದುಕುವ ಊರು. ತಾಲ್ಲೂಕಿನಲ್ಲಿ ರಕ್ತ ಪರೀಕ್ಷೆಯ ಸೌಲಭ್ಯ ಇದೆಯೇ ಇಲ್ಲವೇ ಎಂಬುದೂ ಕವಾಟದ ಹೊಂದಾಣಿಕೆಯ ಪ್ರಶ್ನೆಯೇ.

ರಕ್ತದೊಳಗೆ ಒಂದು ವಸ್ತುವನ್ನು ಇಟ್ಟಾಗ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ರಕ್ತಕಣಗಳು ಅದನ್ನು ತಲುಪುವ ಮೊದಲೇ, ಕ್ಷಣಗಳಲ್ಲಿ, ರಕ್ತದ ಪ್ರೋಟೀನುಗಳು ಅದಕ್ಕೆ ಬಂದು ಅಂಟುತ್ತವೆ. ರಕ್ತದಲ್ಲಿ ಹೇರಳವಾಗಿರುವ ಆಲ್ಬುಮಿನ್‌ನಂತಹ ಪ್ರೋಟೀನುಗಳದ್ದು ಮೊದಲ ಸರದಿ. ನಂತರ ಹೆಪ್ಪುಗಟ್ಟಲು ನೆರವಾಗುವ ಫೈಬ್ರಿನೋಜನ್ ಮತ್ತಿತರ ಪ್ರೋಟೀನುಗಳು ಬಂದು ಮೊದಲಿನವನ್ನು ಸರಿಸಿ ಜಾಗ ಹಿಡಿಯುತ್ತವೆ. 1960ರ ದಶಕದಲ್ಲಿ ಈ ಅದಲುಬದಲನ್ನು ಗುರುತಿಸಿದ ಲಿಯೋ ವ್ರೋಮನ್ ಹೆಸರಿನಲ್ಲೇ ಅದನ್ನು ಇಂದಿಗೂ ಕರೆಯಲಾಗುತ್ತದೆ. ಆದ್ದರಿಂದ ಜೀವಕೋಶಗಳಿಗೆ ಬರಿಯ ಲೋಹ ಎಂದೂ ಎದುರಾಗುವುದಿಲ್ಲ. ಅವು ಮುಟ್ಟುವುದು ಅದರ ಮೇಲಿನ ಪ್ರೋಟೀನಿನ ಪದರವನ್ನು. ಫೈಬ್ರಿನೋಜನ್ ತನ್ನ ಆಕಾರ ಬದಲಿಸಿ ಅಂಟಿಕೊಂಡರೆ ಪ್ಲೇಟ್‌ಲೆಟ್‌ಗಳು ಅದನ್ನು ಗಾಯವೆಂದೇ ತಿಳಿದು ಮುತ್ತುತ್ತವೆ, ಹೆಪ್ಪು ಶುರುವಾಗುತ್ತದೆ. ವಸ್ತುವಿನ ಒಳಗೇನಿದೆ ಎಂಬುದು ಬಲಕ್ಕೆ, ಬಾಳಿಕೆಗೆ ಮುಖ್ಯ. ರಕ್ತದೊಂದಿಗಿನ ಒಪ್ಪಂದವನ್ನು ಮಾತ್ರ ಮೇಲಿನ ಕೆಲವು ನ್ಯಾನೋಮೀಟರುಗಳು ನಿರ್ಧರಿಸುತ್ತವೆ.

ಮೇಲ್ಮೈ ಮಾರ್ಪಾಡು ಎಂಬ ಇಡೀ ಶಾಸ್ತ್ರ ಹುಟ್ಟಿದ್ದು ಇಲ್ಲಿ. ಹೆಪ್ಪು ತಡೆಯುವ ಹೆಪಾರಿನ್ ಅಣುಗಳನ್ನು ಮೇಲ್ಮೈಗೆ ಕಟ್ಟುವುದು, ನೀರನ್ನು ಬಿಗಿಯಾಗಿ ಹಿಡಿದುಕೊಂಡು ಪ್ರೋಟೀನಿಗೆ ಜಾಗ ಕೊಡದ ಪಾಲಿಮರ್ ಎಳೆಗಳನ್ನು ನೆಡುವುದು, ಕೆಂಪು ರಕ್ತಕಣದ ಹೊರಪೊರೆಯನ್ನೇ ಅನುಕರಿಸುವ ಲೇಪ ಹಚ್ಚುವುದು, ಹೀಗೆ ದಾರಿಗಳು ಹಲವು. ಇವುಗಳಲ್ಲಿ ಕೆಲವು ಗಂಟೆಗಟ್ಟಲೆ, ದಿನಗಟ್ಟಲೆ ಬಳಸುವ ಸಾಧನಗಳಲ್ಲಿ ಒಳ್ಳೆಯ ಕೆಲಸ ಮಾಡುತ್ತಿವೆ. ಹೃದಯ ಶಸ್ತ್ರಚಿಕಿತ್ಸೆಯ ವೇಳೆ ರಕ್ತವನ್ನು ಹೊರಗೆ ಹರಿಸುವ ಕೊಳವೆಗಳಿಗೆ ಹೆಪಾರಿನ್ ಲೇಪ ಇಂದು ಸಾಮಾನ್ಯ. ದಶಕಗಳ ಕಾಲ ಬಡಿಯುವ ಕವಾಟದ ಮೇಲೆ ಇಂತಹ ಲೇಪ ಸವೆಯದೆ, ಕಳಚದೆ, ಪ್ರೋಟೀನಿನಡಿ ಹೂತುಹೋಗದೆ ಉಳಿಯುವುದು ಬೇರೆಯದೇ ಮಟ್ಟದ ಸವಾಲು.

ಕವಾಟದ ಕಷ್ಟ ಇನ್ನೂ ಒಂದಿದೆ. ಒಂದೇ ಸಾಧನದಲ್ಲಿ ಎರಡು ವಿರುದ್ಧ ಮೇಲ್ಮೈಗಳು ಬೇಕು. ಹೊರಗಿನ ಬಟ್ಟೆಯ ಉಂಗುರವನ್ನು ಹೃದಯಕ್ಕೆ ಹೊಲಿಯುತ್ತಾರೆ. ಅದು ಅಂಗಾಂಶವನ್ನು ಕರೆಯಬೇಕು, ಜೀವಕೋಶಗಳು ಅದರ ಹೆಣಿಗೆಯೊಳಗೆ ಬೆಳೆದು ಅದನ್ನು ಭದ್ರ ಮಾಡಬೇಕು. ಅಲ್ಲಿಂದ ಕೆಲವೇ ಮಿಲಿಮೀಟರ್ ಒಳಗಿರುವ, ತೆರೆದು ಮುಚ್ಚುವ ಬಿಲ್ಲೆಯ ಮೇಲೆ ಒಂದು ಕೋಶವೂ ಕೂರಬಾರದು. ಉಂಗುರದ ಮೇಲಿನ ಬೆಳವಣಿಗೆ ಎಲ್ಲೆ ಮೀರಿ ಒಳಗೆ ಹಬ್ಬಿದರೆ ಬಿಲ್ಲೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಲ್ಲೆಯ ಮೇಲೆ ಹೆಪ್ಪು ಕಟ್ಟಿದರೂ ಅದೇ ಗತಿ.

ಬಿಲ್ಲೆಗೆ ಸಿಕ್ಕ ದೊಡ್ಡ ಪರಿಹಾರ ಬಂದದ್ದು ಅಣುಶಕ್ತಿ ಸಂಶೋಧನೆಯಿಂದ. ಅಮೆರಿಕದ ಜನರಲ್ ಅಟಾಮಿಕ್ ಸಂಸ್ಥೆಯಲ್ಲಿ ಜ್ಯಾಕ್ ಬೋಕ್ರೋಸ್ ಪರಮಾಣು ಇಂಧನದ ಕಣಗಳಿಗೆ ಹೊದಿಸುವ ಪೈರೋಲಿಟಿಕ್ ಕಾರ್ಬನ್ ಮೇಲೆ ಕೆಲಸ ಮಾಡುತ್ತಿದ್ದರು. ಶಸ್ತ್ರವೈದ್ಯ ವಿನ್ಸೆಂಟ್ ಗಾಟ್ ರಕ್ತ ಸಹಿಸುವ ವಸ್ತುಗಳನ್ನು ಹುಡುಕುತ್ತಿದ್ದರು. ಇಬ್ಬರೂ 1960ರ ದಶಕದಲ್ಲಿ ಜೊತೆಯಾದರು. ಗಟ್ಟಿ, ನುಣುಪು, ಸವೆಯದ ಈ ಕಾರ್ಬನ್ ಆ ದಶಕದ ಕೊನೆಯಿಂದ ಕವಾಟಗಳಿಗೆ ಬಂದು, ಇಂದಿಗೂ ಜಗತ್ತಿನ ಹೆಚ್ಚಿನ ಯಾಂತ್ರಿಕ ಕವಾಟಗಳ ತೆರೆದು ಮುಚ್ಚುವ ಎಲೆಗಳಾಗಿ ದುಡಿಯುತ್ತಿದೆ. ಆದರೆ ಇದೂ ರಕ್ತವನ್ನು ಪೂರ್ತಿ ಸುಮ್ಮನಿರಿಸುವುದಿಲ್ಲ, ಮಾತ್ರೆ ಬೇಕೇ ಬೇಕು.

ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವಸ್ತುವಿನ ಹೊಂದಾಣಿಕೆಯನ್ನು ಇಷ್ಟು ಕಷ್ಟಪಟ್ಟು ಕಲಿತ ಉದಾಹರಣೆ ನಮ್ಮ ದೇಶದಲ್ಲಿ ಇನ್ನೊಂದು ನನಗೆ ಕಾಣುವುದಿಲ್ಲ. 1970ರ ದಶಕದಲ್ಲಿ ಅಲ್ಲಿನ ಮುಖ್ಯಸ್ಥರಾಗಿದ್ದ ಹೃದಯ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಅವರ ಮುಂದೆ ಇದ್ದದ್ದು ನೇರವಾದ ಸಮಸ್ಯೆ: ಆಮದು ಕವಾಟ ತಮ್ಮ ರೋಗಿಗಳ ಕೈಗೆಟುಕುವುದಿಲ್ಲ. ವೈದ್ಯರೂ ಎಂಜಿನಿಯರುಗಳೂ ಒಂದೇ ಸೂರಿನಡಿ ಕೆಲಸ ಮಾಡುವ ವ್ಯವಸ್ಥೆ ಕಟ್ಟಿ, ಓರೆಯಾಗಿ ತೆರೆಯುವ ಒಂಟಿ ಬಿಲ್ಲೆಯ ಕವಾಟವೊಂದನ್ನು ಅವರು ರೂಪಿಸತೊಡಗಿದರು.

ಮೊದಲ ಮಾದರಿ ಬೆಸುಗೆಯ ಜಾಗದಲ್ಲಿ ಸೋತಿತು. ಮುಂದಿನದರಲ್ಲಿ ಟೈಟಾನಿಯಂ ಚೌಕಟ್ಟು, ನೀಲಮಣಿ ಸ್ಫಟಿಕದ ಬಿಲ್ಲೆ. ಟೈಟಾನಿಯಂ ಎಂದರೆ ದೇಹ ಒಪ್ಪುವ ಲೋಹ ಎಂದೇ ಹೆಸರು. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲದ ಮೂಳೆಯೊಳಗೆ ಇಟ್ಟ ಟೈಟಾನಿಯಂನ ಪುಟ್ಟ ಸಾಧನಗಳನ್ನು ಹೊರತೆಗೆಯಲು ಹೋದಾಗ ಅವು ಮೂಳೆಯೊಂದಿಗೆ ಒಂದಾಗಿ ಬರಲೇ ಇಲ್ಲ. 1965ರಲ್ಲಿ ಅದೇ ತಿಳಿವಳಿಕೆಯಿಂದ ಮನುಷ್ಯನ ದವಡೆಗೆ ಟೈಟಾನಿಯಂ ಬೇರುಗಳು ಬಂದವು. ಗಾಳಿ ತಾಕಿದ ಕೂಡಲೇ ಟೈಟಾನಿಯಂ ಮೇಲೆ ಕಟ್ಟುವ ತೆಳ್ಳನೆಯ ಆಕ್ಸೈಡ್ ಪದರವೇ ಅದರ ಒಳ್ಳೆಯತನದ ಗುಟ್ಟು. ಮೂಳೆಯೊಳಗೆ ಅಲುಗಾಡದೆ ಕೂತಿರುವಾಗ ಆ ಪದರ ಸುರಕ್ಷಿತ. ಕವಾಟದಲ್ಲಿ ನೀಲಮಣಿಯಂತಹ ಕಠಿಣ ಬಿಲ್ಲೆ ದಿನಕ್ಕೆ ಲಕ್ಷ ಬಾರಿ ಬಂದು ಉಜ್ಜಿದಾಗ ಟೈಟಾನಿಯಂ ಸವೆದುಹೋಯಿತು. ಮೂಳೆಗೆ ಆಪ್ತವಾದ ಲೋಹ ಕವಾಟಕ್ಕೆ ಒದಗಲಿಲ್ಲ. ಚೌಕಟ್ಟನ್ನು ಹೇನ್ಸ್ 25 ಎಂಬ ಕೋಬಾಲ್ಟ್ ಮಿಶ್ರಲೋಹಕ್ಕೆ ಬದಲಿಸಿದರು. ಈ ಬಾರಿ ನೀಲಮಣಿಯ ಬಿಲ್ಲೆಯೇ ಒಡೆಯಿತು.

ನಾಲ್ಕನೆಯ ಮಾದರಿಯಲ್ಲಿ ಅದೇ ಮಿಶ್ರಲೋಹದ ಚೌಕಟ್ಟಿಗೆ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಬಿಲ್ಲೆ, ಪಾಲಿಯೆಸ್ಟರ್ ಹೊಲಿಗೆಯ ಉಂಗುರ. ಪ್ಲಾಸ್ಟಿಕ್ ಬಿಲ್ಲೆ ಎಂಬುದು ಆಗ ಧೈರ್ಯದ ಆಯ್ಕೆ. ಇದೇ ಪಾಲಿಎಥಿಲೀನ್ ಕೃತಕ ಸೊಂಟದ ಕೀಲಿನಲ್ಲಿ ದೇಹದ ಭಾರ ಹೊತ್ತು ಸವೆದಾಗ, ಆ ಪುಡಿಗೆ ಕೆರಳಿದ ಕೋಶಗಳು ಸುತ್ತಲಿನ ಮೂಳೆಯನ್ನೇ ಕರಗಿಸುತ್ತವೆ ಎಂಬುದು ಮೂಳೆವೈದ್ಯರಿಗೆ ಚೆನ್ನಾಗಿ ಗೊತ್ತಿದ್ದ ತೊಂದರೆ. ಕವಾಟದಲ್ಲಿ ಭಾರ ಕಡಿಮೆ, ರಕ್ತವೇ ಜಾರಿಕೆ ಕೊಡುತ್ತದೆ. ಅದೇ ವಸ್ತು ಅಲ್ಲಿ ತಾಳಿತು. ಲೋಹಕ್ಕೆ ಕಾರ್ಬನ್ ಬಡಿಯುವ ಟಿಕ್ ಟಿಕ್ ಸದ್ದೂ ಇದರಲ್ಲಿ ಕಡಿಮೆ. ರಾತ್ರಿ ನಿಶ್ಶಬ್ದದಲ್ಲಿ ತನ್ನ ಎದೆಯ ಸದ್ದನ್ನು ತಾನೇ ಕೇಳುತ್ತಾ ಮಲಗಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಚಿತ್ರಾ ಕವಾಟ ಹಾಕಲಾಯಿತು. ಟಿಟಿಕೆ ಸಂಸ್ಥೆ ಅದರ ತಯಾರಿಕೆ ವಹಿಸಿಕೊಂಡ ಮೇಲೆ ಅದು ದೇಶದ ಮೂಲೆಮೂಲೆಯ ರೋಗಿಗಳನ್ನು ತಲುಪಿದೆ. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದು, ಕೊನೆಯವರೆಗೂ ಮಣಿಪಾಲದಲ್ಲೇ ಇದ್ದು 2024ರ ಜುಲೈನಲ್ಲಿ ತೀರಿಕೊಂಡರು. ಕನ್ನಡನಾಡು ಅವರನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಕವಾಟದ ಬೆಲೆ ಇಳಿಯಿತು, ಮಾತ್ರೆ ಉಳಿಯಿತು. ವಾರ್ಫರಿನ್, ಅಥವಾ ನಮ್ಮಲ್ಲಿ ವ್ಯಾಪಕವಾಗಿ ಬರೆದುಕೊಡುವ ಅಸೆನೊಕುಮರಾಲ್, ವಿಟಮಿನ್ ಕೆ ನೆರವಿನಿಂದ ತಯಾರಾಗುವ ಹೆಪ್ಪುಕಾರಕ ಪ್ರೋಟೀನುಗಳನ್ನು ತಗ್ಗಿಸುತ್ತದೆ. ಪ್ರಮಾಣ ಹೆಚ್ಚಾದರೆ ಮಿದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವ. ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪು, ಅಲ್ಲಿಂದ ಸಿಡಿದ ತುಣುಕು ಮಿದುಳಿಗೆ ಹೋಗಿ ಪಾರ್ಶ್ವವಾಯು. ಎರಡರ ನಡುವಿನ ಇಕ್ಕಟ್ಟಾದ ದಾರಿಯನ್ನು ಐಎನ್‌ಆರ್ ಎಂಬ ರಕ್ತ ಪರೀಕ್ಷೆಯಿಂದ ಅಳೆಯುತ್ತಾರೆ. ಮೈಟ್ರಲ್ ಜಾಗದ ಯಾಂತ್ರಿಕ ಕವಾಟಕ್ಕೆ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ವಿಟಮಿನ್ ಕೆ ಹೇರಳವಾಗಿರುವುದು ಸೊಪ್ಪಿನಲ್ಲಿ. ದಿನವೂ ಸೊಪ್ಪಿನ ಸಾರು, ಪಲ್ಯ ಉಣ್ಣುವ ಮನೆಯಲ್ಲಿ ಇದು ದೊಡ್ಡ ಗೊಂದಲ. ಸೊಪ್ಪನ್ನು ಪೂರ್ತಿ ಬಿಡಬೇಕು ಎಂದು ತಿಳಿದವರು ಬಹಳ. ವೈದ್ಯರು ಕೇಳುವುದು ವಾರವಾರಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ ಎಂದು. ಮಳೆಗಾಲದಲ್ಲಿ ಹೊಲದ ಬದುವಿನ ಸೊಪ್ಪು ಪುಕ್ಕಟೆಯಾಗಿ ಸಿಕ್ಕು ಬೇಸಿಗೆಯಲ್ಲಿ ಸಿಗದಿರುವ ಮನೆಗೆ ಒಂದೇ ಪ್ರಮಾಣ ಎಂಬ ಸಲಹೆ ಸುಲಭವಲ್ಲ. ಮೈಕೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆ ಕೂಡ ರಕ್ತಸ್ರಾವದ ಅಪಾಯವನ್ನು ಏರಿಸಬಲ್ಲದು.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ವಾರ್ಫರಿನ್ ಗರ್ಭಕೋಶದ ಮಾಸುವನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಅಂಗವಿಕಲತೆಯ ಅಪಾಯ ಇದೆ. ಹೆಪಾರಿನ್ ಚುಚ್ಚುಮದ್ದು ಮಗುವನ್ನು ಮುಟ್ಟುವುದಿಲ್ಲ, ಆದರೆ ಆ ಅವಧಿಯಲ್ಲಿ ಕವಾಟದ ಮೇಲೆ ಹೆಪ್ಪು ಕಟ್ಟುವ ಭಯ ಹೆಚ್ಚು. ಮದುವೆಯಾಗಿ ವರ್ಷ ತುಂಬದ ಹುಡುಗಿಯೊಬ್ಬಳಿಗೆ ಯಾವ ಕವಾಟ ಹಾಕಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಇಲ್ಲ. ಕಡಿಮೆ ಕೆಟ್ಟದ್ದನ್ನು ಆರಿಸಬೇಕಾಗುತ್ತದೆ.

ಹೊಸ ಕಾಲದ, ಪರೀಕ್ಷೆಯ ಗೊಡವೆಯಿಲ್ಲದ ಮಾತ್ರೆಗಳು ಇದನ್ನೆಲ್ಲ ತಪ್ಪಿಸುತ್ತವೆ ಎಂಬ ನಿರೀಕ್ಷೆ ಇತ್ತು. ಯಾಂತ್ರಿಕ ಕವಾಟದವರಲ್ಲಿ ಅಂತಹ ಮಾತ್ರೆಗಳಲ್ಲೊಂದಾದ ಡಾಬಿಗಾಟ್ರಾನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. ಮುಂದೆ ಅಪಿಕ್ಸಾಬಾನ್ ಪ್ರಯೋಗವನ್ನೂ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕಾರಣ ಮತ್ತೆ ಮೇಲ್ಮೈಗೇ ಬಂದು ನಿಲ್ಲುತ್ತದೆ. ಕೃತಕ ಮೇಲ್ಮೈ ಹೆಪ್ಪಿನ ಸರಪಳಿಯನ್ನು ಆರಂಭದ ಕೊಂಡಿಯಿಂದಲೇ ಎಳೆಯುತ್ತಾ ಇರುತ್ತದೆ. ವಾರ್ಫರಿನ್ ಹಲವು ಕೊಂಡಿಗಳನ್ನು ಒಟ್ಟಿಗೆ ಸಡಿಲಿಸಿದರೆ ಹೊಸ ಔಷಧ ಕೊನೆಯ ಹಂತದ ಒಂದನ್ನು ಮಾತ್ರ ಹಿಡಿಯುತ್ತದೆ, ಕವಾಟದ ಸುತ್ತಲಿನ ಒತ್ತಡಕ್ಕೆ ಅದು ಸಾಲದು ಎಂಬುದು ಸಂಶೋಧಕರು ಕೊಡುವ ವಿವರಣೆ. ಮೇಲ್ಮೈ ಸುಧಾರಿಸದೆ ಔಷಧವೊಂದರಿಂದಲೇ ಬಿಡುಗಡೆ ಸಿಗದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಮಾತ್ರೆ ಬೇಡವೆಂದರೆ ದನದ ಹೃದಯದ ಹೊರಪೊರೆಯಿಂದಲೋ ಹಂದಿಯ ಕವಾಟದಿಂದಲೋ ಮಾಡಿದ ಅಂಗಾಂಶದ ಕವಾಟ ಇದೆ. ಫ್ರಾನ್ಸಿನ ಅಲೈನ್ ಕಾರ್ಪೆಂಟಿಯರ್ 1960ರ ದಶಕದ ಕೊನೆಯಲ್ಲಿ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದನ್ನು ಹದಗೊಳಿಸುವ ಕ್ರಮ ತಂದರು. ಅದರಿಂದ ಪ್ರಾಣಿಯ ಪ್ರೋಟೀನುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ, ದೇಹದ ಪ್ರತಿರೋಧವೂ ತಗ್ಗುತ್ತದೆ. ರಕ್ತ ಇದನ್ನು ಎಷ್ಟೋ ಚೆನ್ನಾಗಿ ಸಹಿಸುತ್ತದೆ. ಆದರೆ ಸತ್ತ ಕೋಶಗಳ ಪೊರೆಯ ಕೊಬ್ಬಿನಂಶ ಮತ್ತು ಉಳಿದುಕೊಂಡ ಆಲ್ಡಿಹೈಡ್ ಗುಂಪುಗಳ ಸುತ್ತ ಕ್ಯಾಲ್ಸಿಯಂ ಫಾಸ್ಫೇಟ್ ಕೂಡುತ್ತಾ ಎಲೆಗಳು ಗಡುಸಾಗಿ ಹರಿದುಹೋಗುತ್ತವೆ. ಸೊಂಟದ ಕೃತಕ ಕೀಲಿನ ಮೇಲೆ ಮೂಳೆ ಅಂಟಲಿ ಎಂದು ಬೇಕೆಂದೇ ಸಿಂಪಡಿಸುವ ಹೈಡ್ರಾಕ್ಸಿಅಪಟೈಟ್ ಇದರ ಹತ್ತಿರದ ಸಂಬಂಧಿ. ಅಲ್ಲಿ ಅದು ಜೀವ, ಇಲ್ಲಿ ಅದು ಸಾವು.

ವಯಸ್ಸಾದವರಲ್ಲಿ ಈ ಸುಣ್ಣಗಟ್ಟುವಿಕೆ ನಿಧಾನ, ಹದಿನೈದು ವರ್ಷ ಬಾಳಿದ ಕವಾಟಗಳು ಬೇಕಾದಷ್ಟಿವೆ. ಎಳೆಯರಲ್ಲಿ ಅದು ವೇಗವಾಗಿ ನಡೆಯುತ್ತದೆ. ಇಪ್ಪತ್ತೈದರ ರೋಗಿಗೆ ಇದನ್ನು ಹಾಕುವುದೆಂದರೆ ಮುಂದೆ ಇನ್ನೊಮ್ಮೆ, ಬಹುಶಃ ಮತ್ತೂ ಒಮ್ಮೆ ಎದೆ ತೆರೆಯಬೇಕು ಎಂಬ ಲೆಕ್ಕ. ಆಲ್ಡಿಹೈಡ್ ಗುಂಪುಗಳನ್ನು ಮುಚ್ಚಿ ಒಣಗಿಸಿ ಇಡಬಹುದಾದ ಹೊಸ ಅಂಗಾಂಶಗಳು 2017ರಿಂದ ಮಾರುಕಟ್ಟೆಯಲ್ಲಿವೆ, ಆರಂಭದ ವರ್ಷಗಳ ಫಲಿತಾಂಶ ಆಶಾದಾಯಕ. ಆದರೆ ಅವುಗಳ ಮುಖ್ಯ ಪ್ರಯೋಗಗಳ ರೋಗಿಗಳು ಹೆಚ್ಚಾಗಿ ಅರವತ್ತು ದಾಟಿದವರು, ರುಮ್ಯಾಟಿಕ್ ಜ್ವರ ಈಗ ಅಪರೂಪವಾಗಿರುವ ಸಮಾಜಗಳವರು.

ಇನ್ನೊಂದು ದೇಹದ ಫಲಿತಾಂಶವನ್ನು ಎರವಲು ತರುವುದರ ಅಪಾಯಕ್ಕೆ ವಿಯೆನ್ನಾದ ಪ್ರಕರಣ ಸಾಕ್ಷಿ. ಹಂದಿಯ ಕವಾಟದಿಂದ ಜೀವಕೋಶಗಳನ್ನೆಲ್ಲ ತೊಳೆದುಹಾಕಿ, ಉಳಿದ ಹಂದರದಲ್ಲಿ ರೋಗಿಯ ಸ್ವಂತ ಕೋಶಗಳೇ ಬಂದು ನೆಲೆಸುತ್ತವೆ ಎಂಬುದು ಅಲ್ಲಿನ ಯೋಜನೆ. ಕುರಿಗಳಲ್ಲಿ ಅದು ಚೆನ್ನಾಗಿ ನಡೆದಿತ್ತು. ನಾಲ್ವರು ಮಕ್ಕಳಿಗೆ ಹಾಕಿದಾಗ ತೀವ್ರ ಉರಿಯೂತ ಉಂಟಾಗಿ ಮೂವರು ಸತ್ತರು. 2003ರಲ್ಲಿ ವೈದ್ಯರೇ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಕುರಿಯ ದೇಹ ಒಪ್ಪಿದ್ದನ್ನು ಮಗುವಿನ ದೇಹ ಒಪ್ಪಲಿಲ್ಲ. ಆ ವರದಿಯನ್ನು ಬರೆದವರ ಪ್ರಾಮಾಣಿಕತೆಯಿಂದ ಎಷ್ಟು ಮಕ್ಕಳು ಉಳಿದಿರಬಹುದು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಈಗ ಮೂರನೆಯ ದಾರಿಯಾಗಿ ಪಾಲಿಮರ್ ಎಲೆಗಳ ಕವಾಟಗಳು ಬರುತ್ತಿವೆ: ಪ್ರಾಣಿಯ ಅಂಗಾಂಶವಿಲ್ಲ, ಹಾಗಾಗಿ ಸುಣ್ಣಗಟ್ಟುವುದು ಕಡಿಮೆಯಾಗಬೇಕು, ಮೃದುವಾಗಿ ಬಾಗುವ ಎಲೆ, ಹಾಗಾಗಿ ಜೀವನಪೂರ್ತಿ ಮಾತ್ರೆ ಬೇಡವಾಗಬೇಕು. ಸಿಲಾಕ್ಸೇನ್ ಸೇರಿಸಿದ ಪಾಲಿಯುರೆಥೇನ್ ಮಾದರಿಯ ಪಾಲಿಮರಿನಿಂದ ಮಾಡಿದ ಅಮೆರಿಕದ ಫೋಲ್ಡ್ಯಾಕ್ಸ್ ಕಂಪನಿಯ ಮೈಟ್ರಲ್ ಕವಾಟವನ್ನು ಭಾರತದ ಆಸ್ಪತ್ರೆಗಳಲ್ಲಿ ನಮ್ಮ ರೋಗಿಗಳ ಮೇಲೆಯೇ ಪರೀಕ್ಷಿಸಲಾಗಿದೆ. ಇದನ್ನು ನಾನು ಸ್ವಾಗತಿಸುತ್ತೇನೆ, ಒಂದು ಷರತ್ತಿನೊಂದಿಗೆ. ಒಂದೆರಡು ವರ್ಷದ ಫಲಿತಾಂಶ ಹೆಪ್ಪಿನ ಬಗ್ಗೆ ಹೇಳಬಲ್ಲದು, ಬಾಳಿಕೆಯ ಬಗ್ಗೆ ಹೇಳಲಾರದು. ಹಳೆಯ ಪಾಲಿಯುರೆಥೇನುಗಳು ದೇಹದೊಳಗೆ ಆಕ್ಸಿಡೀಕರಣದಿಂದ ಬಿರುಕುಬಿಟ್ಟದ್ದು ವರ್ಷಗಳ ನಂತರ. ಪ್ರಯೋಗಾಲಯದ ಯಂತ್ರ ಕವಾಟವನ್ನು ಕೋಟಿಗಟ್ಟಲೆ ಬಾರಿ ವೇಗವಾಗಿ ತೆರೆದು ಮುಚ್ಚಿಸಬಹುದು. ದೇಹದ ರಸಾಯನವನ್ನು ಹಾಗೆ ವೇಗಗೊಳಿಸಿ ತೋರಿಸಲು ಅದಕ್ಕೆ ಸಾಧ್ಯವಿಲ್ಲ.

ಬಾಳಿಕೆ ತಿಳಿಯಲು ಬೇಕಾದ ಅಷ್ಟೂ ವರ್ಷ ರೋಗಿಗಳನ್ನು ಯಾರು ಹಿಂಬಾಲಿಸುತ್ತಾರೆ? ಸೊಂಟದ ಕೀಲಿನ ಪ್ರಕರಣ ನಮ್ಮ ದೌರ್ಬಲ್ಯವನ್ನು ತೋರಿಸಿಕೊಟ್ಟಿದೆ. ಲೋಹಕ್ಕೆ ಲೋಹ ಉಜ್ಜುವ, ಎಎಸ್ಆರ್ ಎಂಬ ಹೆಸರಿನ ಕೃತಕ ಸೊಂಟದ ಕೀಲಿನಿಂದ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿದ್ದು ಮರುಶಸ್ತ್ರಚಿಕಿತ್ಸೆ ಹೆಚ್ಚುತ್ತಿದೆ ಎಂಬುದನ್ನು ಬೇಗ ಎತ್ತಿತೋರಿಸಿದವುಗಳಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕೀಲು ನೋಂದಣಿ ಒಂದು. ಅಲ್ಲಿ ಅದನ್ನು 2009ರಲ್ಲಿ, ಜಗತ್ತಿನಾದ್ಯಂತ 2010ರ ಆಗಸ್ಟಿನಲ್ಲಿ ಹಿಂಪಡೆಯಲಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಸರ್ಕಾರದ ಸಮಿತಿ ಪರಿಹಾರ ಕೊಡಿಸಲು ಹೊರಟಾಗ ಅವರಲ್ಲಿ ಬಹುಪಾಲು ಜನ ಎಲ್ಲಿದ್ದಾರೆ ಎಂಬುದೇ ಗೊತ್ತಿರಲಿಲ್ಲ. ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಗಿದೆ, 2018ರಿಂದ ವೈದ್ಯಕೀಯ ಸಾಧನಗಳ ನಿಯಮಗಳು ಜಾರಿಯಲ್ಲಿವೆ. ಆದರೆ ತೊಂದರೆಯಾದಾಗ ಬರುವ ವರದಿ ಬೇರೆ, ಪ್ರತಿ ಕವಾಟವನ್ನೂ ಹಾಕಿದ ದಿನದಿಂದ ಎಣಿಸುವ ನೋಂದಣಿ ಬೇರೆ. ಒಟ್ಟು ಎಷ್ಟು ಹಾಕಿದ್ದೇವೆ ಎಂಬ ಛೇದವಿಲ್ಲದೆ ಎಷ್ಟು ಸೋತವು ಎಂಬ ಅಂಶಕ್ಕೆ ಅರ್ಥವಿಲ್ಲ.

ಹಣದ ವ್ಯವಸ್ಥೆಯೂ ಶಸ್ತ್ರಚಿಕಿತ್ಸೆಯ ದಿನಕ್ಕೇ ನಿಲ್ಲುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂತಹ ಯೋಜನೆಗಳು ದಾಖಲಾಗಿ ಪಡೆಯುವ ಚಿಕಿತ್ಸೆಯನ್ನು ಕೇಂದ್ರವಾಗಿಟ್ಟುಕೊಂಡು ರೂಪುಗೊಂಡವು. ದುಬಾರಿ ಕವಾಟವೂ ಶಸ್ತ್ರಚಿಕಿತ್ಸೆಯೂ ಅವುಗಳಿಂದ ಸಿಗುತ್ತವೆ. ಆಮೇಲಿನ ನಲವತ್ತು ವರ್ಷದ ಐಎನ್‌ಆರ್ ಪರೀಕ್ಷೆ, ಅದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚು, ಅಂದಿನ ಕೂಲಿ ನಷ್ಟ ರೋಗಿಯ ತಲೆಯ ಮೇಲೆ. ಹೀಗೆ ಪರೀಕ್ಷೆ ತಪ್ಪಿ, ಮಾತ್ರೆ ತಪ್ಪಿ, ಬಿಲ್ಲೆ ಸಿಕ್ಕಿಹಾಕಿಕೊಂಡು ಉಸಿರುಕಟ್ಟಿ ಬರುವ ರೋಗಿಗಳು ನಮ್ಮ ಹೃದ್ರೋಗ ಆಸ್ಪತ್ರೆಗಳಿಗೆ ಹೊಸಬರಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟೋ ಎದೆ ತೆರೆದೋ ಅವರನ್ನು ಉಳಿಸಲು ಹೆಣಗುತ್ತಾರೆ. ಬೆರಳ ತುದಿಯ ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಐಎನ್‌ಆರ್ ತೋರಿಸುವ ಅಂಗೈಯಗಲದ ಯಂತ್ರ ಇಂದು ಮಾರುಕಟ್ಟೆಯಲ್ಲಿದೆ. ಅದನ್ನು ಮತ್ತು ಅದರಲ್ಲಿ ಬಳಸುವ ಪರೀಕ್ಷಾ ಪಟ್ಟಿಗಳನ್ನು ತಾಲ್ಲೂಕು ಆಸ್ಪತ್ರೆಗಳಿಗೆ, ಸಮುದಾಯ ಆರೋಗ್ಯ ಕೇಂದ್ರಗಳಿಗೆ ಕೊಟ್ಟು, ಸಕ್ಕರೆ ಕಾಯಿಲೆಯ ಪರೀಕ್ಷೆಯಂತೆ ಉಚಿತ ಮಾಡಬೇಕು; ಅಲ್ಲಿ ಅಳೆದ ಪ್ರತಿ ಐಎನ್‌ಆರ್, ರೋಗಿಯ ಕವಾಟದ ಮಾದರಿ ಮತ್ತು ಕ್ರಮಸಂಖ್ಯೆಯೊಂದಿಗೆ, ರಾಜ್ಯದ ಒಂದು ಕವಾಟ ನೋಂದಣಿಗೆ ಹೋಗಬೇಕು. ಪಾಲಿಮರ್ ಕವಾಟ ಹಾಕಿಸಿಕೊಳ್ಳುವ ಮೊದಲ ತಲೆಮಾರಿನ ರೋಗಿಗಳನ್ನು ಮೊದಲ ದಿನದಿಂದಲೇ ಆ ನೋಂದಣಿಗೆ ಸೇರಿಸುವ ಅವಕಾಶ ಈಗ ನಮ್ಮ ಕೈಯಲ್ಲಿದೆ.